ಎಮ್ಮೆಗೆ ಡಾಕ್ಟರು, ನಮಗೆ ಬರೀ ಗುಳಿಗೆಯೇ?

ಹೈನುಗಾರ ಅಕ್ಕ-ತಂಗಿಯರೇ,

ಎಮ್ಮೆ ಒಂದು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಫೋನ್ ಹೋಗುತ್ತದೆ. ನಿಮಗೆ ಮೂರು ದಿನ ಜ್ವರ ಬಂದರೆ? ಅಂಗಡಿಯ ಗುಳಿಗೆ ನುಂಗಿ ಮತ್ತೆ ಹಾಲು ಹಿಂಡಲು ಕೂರುತ್ತೀರಿ. ಈ ರೂಢಿ ಬಿಡಬೇಕು. ಕಾರಣ, ದನ-ನಾಯಿಗಳ ಮೈಮೇಲಿನ ಉಣ್ಣಿ.

ಉಣ್ಣಿ ಎಂದರೆ ಮಂಗನ ಕಾಯಿಲೆ ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಅದು ವೈರಾಣುವಿನ ರೋಗ. ಮಲೆನಾಡಿನ ರೋಗ ನಮಗೇಕೆ ಬಂದೀತು ಎಂದು ಸುಮ್ಮನಿದ್ದೇವೆ. ಆದರೆ ಉಣ್ಣಿ ಬ್ಯಾಕ್ಟೀರಿಯಾವನ್ನೂ ಹೊತ್ತು ತರುತ್ತದೆ. ರಿಕೆಟ್ಸಿಯಾ ಎಂಬ ಅಂಥ ಸೂಕ್ಷ್ಮಾಣುವಿನ ಜ್ವರವನ್ನು ಉತ್ತರ ಕರ್ನಾಟಕದ ಮಕ್ಕಳ ವೈದ್ಯರೂ ಗುರುತಿಸಿದ್ದಾರೆ. ಇಲಿ, ಮೊಲ, ನಾಯಿಗಳ ರಕ್ತ ಹೀರುವ ಉಣ್ಣಿ ಮನುಷ್ಯರನ್ನು ಕಚ್ಚಿದಾಗ ರೋಗ ದಾಟುತ್ತದೆ. ಕಿತ್ತೂರ ಕಡೆಯ ಅಡವಿಯಂಚು, ಸವದತ್ತಿ-ರಾಮದುರ್ಗದ ಗುಡ್ಡ, ಬೈಲಹೊಂಗಲದ ಹೊಲದ ಬದು, ಎಲ್ಲ ಕಡೆ ದನ, ನಾಯಿ, ಮೊಲ ಓಡಾಡುವುದು ಒಂದೇ ಹುಲ್ಲಿನಲ್ಲಿ.

ಕೊಟ್ಟಿಗೆಯಲ್ಲಿ ಉಣ್ಣಿ ಕೀಳುವವರು ಯಾರು? ನಾವೇ. ಕೆಚ್ಚಲಿನ ಸಂದಿಯಿಂದ ಕಿತ್ತು ಉಗುರಿನಲ್ಲಿ ಕುಕ್ಕುತ್ತೇವೆ. ಕೈಯಲ್ಲಿ ಗೀರಿದ್ದರೆ ಆ ರಸದಿಂದಲೂ ಸೋಂಕು ಒಳಹೊಗಬಹುದು. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಕೀಳಿ, ಕುದಿಯುವ ನೀರಿಗೆ ಹಾಕಿ, ಸಾಬೂನಿನಿಂದ ಕೈ ತೊಳೆಯಿರಿ. ರಕ್ತ ಕುಡಿದು ಉದುರಿದ ಹೆಣ್ಣು ಉಣ್ಣಿ ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ, ಬಿರುಕು ಮೆತ್ತಿ. ದನಕ್ಕೆ ಔಷಧ ಹಚ್ಚುವ ಮುನ್ನ ಪಶುವೈದ್ಯರನ್ನು ಕೇಳಿ. ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಎಂಬುದನ್ನೂ ಕೇಳಿ.

ಜ್ವರ, ತಲೆನೋವು, ಮೈಕೈ ನೋವು ಮೊದಲ ಗುರುತು. ಕೆಲವು ದಿನಗಳ ನಂತರ ಮೈಮೇಲೆ, ಅಂಗೈ-ಅಂಗಾಲಿನಲ್ಲೂ ಕೆಂಪು ಕಲೆ ಏಳಬಹುದು. ಅಲ್ಲಿಯವರೆಗೆ ಕಾಯಬೇಡಿ. ಆಸ್ಪತ್ರೆಗೆ ಹೋಗಿ ಮೊದಲೇ ಹೇಳಿ: "ಮನ್ಯಾಗ ದನಾ ಅದಾವ್ರಿ, ಉಣ್ಣಿ ಕಿತ್ತೇನ್ರಿ." ಡೆಂಗಿ, ಟೈಫಾಯ್ಡ್ ಕೂಡ ಶುರುವಿಗೆ ಹೀಗೇ ಕಾಣುವುದರಿಂದ ಈ ಒಂದು ಮಾತು ವೈದ್ಯರಿಗೆ ದಾರಿ ತೋರುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಔಷಧ ಬೇಗ ಸಿಕ್ಕರೆ ಜ್ವರ ಇಳಿಯುತ್ತದೆ. ತಡವಾದರೆ ಮಿದುಳು, ಮೂತ್ರಪಿಂಡಕ್ಕೂ ಅಪಾಯ. ಆದರೆ ನೀವಾಗಿಯೇ ಕೊಂಡು ನುಂಗಬೇಡಿ. ಗರ್ಭಿಣಿಯಾಗಿದ್ದರೆ ವೈದ್ಯರಿಗೆ ತಿಳಿಸಿ.

ನಮ್ಮ ಸಂಘಗಳಿಗೂ ಒಂದು ಮಾತು. ದನಗಳ ಆರೋಗ್ಯ ಶಿಬಿರ ಇಟ್ಟ ದಿನ ಆಶಾ ಕಾರ್ಯಕರ್ತೆಯನ್ನೂ ಕರೆಸಿ. ದನ ನೋಡಿದ ಮೇಲೆ ದನ ಸಾಕುವವಳನ್ನೂ ವಿಚಾರಿಸಲಿ. ಅಕ್ಕಂದಿರೇ, ಮುಂದಿನ ಸಭೆಯಲ್ಲಿ ಇದನ್ನು ನೀವೇ ಎದ್ದು ಕೇಳಿ. ನಾವು ಹಾಸಿಗೆ ಹಿಡಿದರೆ ಎಮ್ಮೆ ಹಿಂಡುವವರು ಯಾರು?