ಅಂಗೈ ಊರಿದಲ್ಲಿ ಮೂಡಿದ ಕಲೆ

ಹುಣಸೆಹುಳಿ, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು. ಇವು ಮೂರಿದ್ದರೆ ಬಾವಿಕಟ್ಟೆಯ ಬಳಿ ಕುಳಿತು ಮನೆಯ ಸಮಸ್ತ ಲೋಹವನ್ನೂ ಬೆಳಗಿಸಬಹುದೆಂಬ ನಂಬಿಕೆಯಲ್ಲಿ ಬೆಳೆದವರು ನಾವು. ದೀಪಾವಳಿಗೆ ಮುನ್ನ ನೀರು ತುಂಬುವ ದಿನ ಬಚ್ಚಲಿನ ತಾಮ್ರದ ಹಂಡೆಯನ್ನು ತಿಕ್ಕಿ ಕೆಂಪಗೆ ಹೊಳೆಯಿಸುತ್ತಿದ್ದ ತಾಯಂದಿರನ್ನು ಕಂಡ ಕಣ್ಣುಗಳಿಗೆ, ಲೋಹದ ಮೇಲಿನ ಕಲೆಯೆಂದರೆ ತಿಕ್ಕಿ ತೆಗೆಯಬೇಕಾದ ಕೊಳೆ ಎಂಬುದಕ್ಕಿಂತ ಬೇರೆ ಅರ್ಥ ತೋರುವುದಿಲ್ಲ. ಆ ನಂಬಿಕೆಯು ಎಲ್ಲ ಲೋಹಗಳಿಗೂ ಸಲ್ಲದೆಂಬ ಪಾಠವನ್ನು ನಾವು ಈ ಇಳಿವಯಸ್ಸಿನಲ್ಲಿ, ಅದೂ ಒಂದು ಲ್ಯಾಪ್‌ಟಾಪಿನಿಂದ ಕಲಿಯಬೇಕಾಯಿತು.

ಕಳೆದ ತಿಂಗಳು ನಮ್ಮ ಪತ್ರಿಕೆಗೆ ಬೆರಳಚ್ಚು ಮಾಡಿಕೊಡುವ ಸೋದರಿಯೊಬ್ಬರು ಬದಿಯಡ್ಕದ ಕಡೆಯಿಂದ ಬಸ್ಸಿನಲ್ಲಿ ಬಂದಿಳಿದರು. ಕಂಕುಳಲ್ಲಿ ಬಟ್ಟೆ ಸುತ್ತಿದ ಲ್ಯಾಪ್‌ಟಾಪು. ನಾಲ್ಕು ವರ್ಷಗಳ ಹಿಂದೆ ಪತ್ರಿಕೆಯ ಕೆಲಸಕ್ಕೆಂದೇ ಅವರಿಗೆ ಕೊಡಿಸಿದ್ದು. ಬೂದುಬಣ್ಣದ ಲೋಹದ ಮೈಯದು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ಕ್ರಮದಲ್ಲಿ ಅವರ ಬೆರಳುಗಳು ಓಡುವ ವೇಗವನ್ನು ಕಂಡು ಬೆರಗಾದವರು ನಾವು. ಅಂದು ಅವರು ಮುಚ್ಚಳ ತೆರೆದಾಗ, ಕೀಲಿಮಣೆಯ ಕೆಳಗೆ ಎರಡು ಅಂಗೈಗಳನ್ನು ಊರುವ ಜಾಗದಲ್ಲಿ ಕಾಗದದ ಪಟ್ಟಿಗಳನ್ನು ಅಂಟಿಸಿದ್ದು ಕಂಡಿತು. ಅವನ್ನು ಮೆಲ್ಲನೆ ಎಬ್ಬಿಸಿದರೆ ಒಳಗೆ ಬಣ್ಣ ಮಾಸಿದ ಎರಡು ದೊಡ್ಡ ಕಲೆಗಳು, ಅವುಗಳ ನಡುವೆ ಸಾಸಿವೆಕಾಳಿಗಿಂತ ಸಣ್ಣ ಬಿಳಿಯ ಚುಕ್ಕೆಗಳು.

“ಮಾಷ್ಟ್ರೇ, ಆರು ತಿಂಗಳಿಂದ ಹೇಳಲು ಧೈರ್ಯವಾಗಲಿಲ್ಲ. ಇದರ ಖರ್ಚನ್ನು ನನ್ನ ಸಂಭಾವನೆಯಲ್ಲಿ ಮುರಿದುಕೊಳ್ಳಿ,” ಎಂದರು. ಪೇಟೆಯ ಅಂಗಡಿಯವರಿಗೆ ತೋರಿಸಿದಾಗ ‘ಇದು ಯಂತ್ರದ ದೋಷವಲ್ಲ, ಉಪಯೋಗಿಸಿದವರ ಕೈಯ ದೋಷ’ ಎಂದಿದ್ದರಂತೆ. ಮನೆಯಲ್ಲಿ ಅತ್ತೆಯವರು, “ನಿನ್ನದು ಉಷ್ಣದ ಕೈ, ಮುಟ್ಟಿದ ಬೆಳ್ಳಿಯೂ ಕಪ್ಪಾಗುತ್ತದೆ” ಎಂದು ಮೊದಲೇ ಹೇಳುತ್ತಿದ್ದರಂತೆ. ಎರಡು ಮಾತುಗಳೂ ಸೇರಿ ಆ ಹೆಣ್ಣುಮಗಳಿಗೆ ತನ್ನ ಕೈಯ ಮೇಲೆಯೇ ಅಪನಂಬಿಕೆ ಹುಟ್ಟಿತ್ತು.

ಸಮಾಧಾನ ಹೇಳುವುದನ್ನು ಬಿಟ್ಟು ನಾವು ಮಾಡಿದ್ದೇನು? ಅಡುಗೆಮನೆಯಿಂದ ಹುಣಸೆಹುಳಿಯನ್ನೂ ಚಿಟಿಕೆ ಬೂದಿಯನ್ನೂ ತರಿಸಿ, “ಇದೇನು ಮಹಾ” ಎಂದು ಬಲಮೂಲೆಯನ್ನು ಉಜ್ಜಿದೆವು. ಕಲೆ ಹೋಗಲಿಲ್ಲ. ಕಲೆಯಿಲ್ಲದಿದ್ದ ಜಾಗವೂ ಬಿಳಿಚಿಕೊಂಡು ಮಂಕಾಯಿತು. ಆ ಬಳಿಕವೇ ನಮಗೆ ಈ ಲೋಹದ ಸ್ವಭಾವವನ್ನು ತಿಳಿದುಕೊಳ್ಳುವ ಬುದ್ಧಿ ಬಂದದ್ದು.

ಈ ಮೈ ಅಲ್ಯುಮಿನಿಯಂ. ಅದರ ಅದಿರಾದ ಬಾಕ್ಸೈಟು ನಮಗೆ ಪರದೇಶದ ವಸ್ತುವಲ್ಲ. ನಾವು ಮನೆ ಕಟ್ಟುವ ಮುರಕಲ್ಲಿನ ಹತ್ತಿರದ ಬಂಧು, ನಮ್ಮ ಜಿಲ್ಲೆಯ ನೀಲೇಶ್ವರದ ನೆಲದಲ್ಲಿಯೂ ಇರುವಂಥದು. ಆದರೆ ಮಣ್ಣಿನಿಂದ ಲೋಹವನ್ನು ಬಿಡಿಸುವುದು ಬಹಳ ಕಷ್ಟದ ಕೆಲಸವಾಗಿತ್ತು. 1884ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಮಾರಕದ ಶಿಖರಕ್ಕೆ ಅಲ್ಯುಮಿನಿಯಂನ ತುದಿಯನ್ನು ತೊಡಿಸಿದರೆಂದರೆ ಆಗ ಅದಕ್ಕಿದ್ದ ಬೆಲೆಯನ್ನು ಊಹಿಸಬಹುದು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆ, ವಿದ್ಯುತ್ತಿನಿಂದ ಅದನ್ನು ಬೇರ್ಪಡಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಅದು ಅಗ್ಗವಾಗಿ ಬಡವರ ಅಡುಗೆಮನೆಗೂ ಬಂತು.

ಗಾಳಿ ತಾಗಿದೊಡನೆ ಈ ಲೋಹವು ತನ್ನ ಮೇಲೆ ತಾನೇ ಒಂದು ಪೊರೆಯನ್ನು ಹೊದ್ದುಕೊಳ್ಳುತ್ತದೆ. ಅದರ ದಪ್ಪ ಕೆಲವೇ ನ್ಯಾನೋಮೀಟರು. ತಲೆಗೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟು ತೆಳುವಾದೀತೋ ಹೆಚ್ಚುಕಡಿಮೆ ಅಷ್ಟು. ಆ ಪೊರೆಯೇ ಅದರ ಕವಚ. ಕಾರ್ಖಾನೆಯಲ್ಲಿ ಈ ಕವಚವನ್ನು ಮತ್ತೂ ದಪ್ಪಗೊಳಿಸುತ್ತಾರೆ. ಸಾಮಾನ್ಯವಾಗಿ ಗಂಧಕಾಮ್ಲದ ತೊಟ್ಟಿಯಲ್ಲಿ ಲೋಹವನ್ನಿಳಿಸಿ ವಿದ್ಯುತ್ತನ್ನು ಹರಿಸಿದಾಗ ಪೊರೆಯು 5ರಿಂದ 25 ಮೈಕ್ರಾನಿನವರೆಗೆ ಬೆಳೆಯುತ್ತದೆ. ಅದರ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಕುಡಿಸಿ ಬಿಸಿನೀರಿನಲ್ಲಿ ಬಾಯಿ ಮುಚ್ಚಿಸುತ್ತಾರೆ. ಇದಕ್ಕೆ ಆನೋಡೈಸಿಂಗ್ ಎಂದು ಹೆಸರು.

ನಮ್ಮ ತಪ್ಪು ಇಲ್ಲಿಯೇ ಇತ್ತು. ತಾಮ್ರದ ಕಿಲುಬನ್ನು ಹುಳಿ ಕರಗಿಸುತ್ತದೆ, ಒಳಗಿನ ಲೋಹ ಹೊಳೆಯುತ್ತದೆ. ಕಿಲುಬು ಹೋದದ್ದೇ ಲಾಭ. ಅಲ್ಯುಮಿನಿಯಂನ ಪೊರೆಯನ್ನು ತೆಗೆಯುವುದೆಂದರೆ ಕವಚವನ್ನೇ ಕಳಚಿದಂತೆ. ಅತಿಯಾದ ಹುಳಿಗೂ ಅತಿಯಾದ ಕ್ಷಾರಕ್ಕೂ ಆ ಪೊರೆ ತಾಳದು. ಬೂದಿಯಾದರೋ ಕ್ಷಾರವೇ, ಮೇಲಾಗಿ ಉಜ್ಜಿ ಸವೆಸುವ ಹುಡಿ. ಮನೆಮದ್ದು ಎಷ್ಟೇ ಒಳ್ಳೆಯದಾದರೂ ರೋಗಿ ಬೇರೆಯಾಗಿದ್ದ.

ಇನ್ನು ಕೈಯ ವಿಷಯ. ಮಿಡಿ ಉಪ್ಪಿನಕಾಯಿಯನ್ನು ನಮ್ಮ ಮನೆಗಳಲ್ಲಿ ಭರಣಿಯಲ್ಲಿಡುತ್ತಾರಲ್ಲದೆ ಅಲ್ಯುಮಿನಿಯಂ ಪಾತ್ರೆಯಲ್ಲಿಡುವುದಿಲ್ಲ. ಉಪ್ಪೂ ಹುಳಿಯೂ ಕೂಡಿದರೆ ಆ ಪಾತ್ರೆ ತೂತುಬೀಳುತ್ತದೆಂಬುದು ಅಜ್ಜಿಯಂದಿರಿಗೆ ಗೊತ್ತಿತ್ತು. ಮನುಷ್ಯನ ಬೆವರಿನಲ್ಲಿ ಇರುವುದೂ ಅವೇ: ಅಡುಗೆಯ ಉಪ್ಪು, ಮತ್ತು ಮೊಸರನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲ. ಅಂಗೈಯಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ. ಉಪ್ಪಿನೊಳಗಿನ ಕ್ಲೋರೈಡು ಪೊರೆಯಲ್ಲಿ ಎಲ್ಲಿ ಸಣ್ಣ ಬಿರುಕಿದೆಯೋ ಅಲ್ಲಿ ಹೊಕ್ಕು ಗುಳಿ ತೋಡುತ್ತದೆ. ಬಿಳಿಯ ಚುಕ್ಕೆಗಳು ಆ ಗುಳಿಗಳ ಬಾಯಿ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ, ಮಳೆಯಿಲ್ಲದಾಗ ಬೆವರು ಸುರಿಯುವ ನಮ್ಮ ಕರಾವಳಿಯಲ್ಲಿ ಆ ತೇವ ಬೇಗ ಆರುವುದೂ ಇಲ್ಲ.

ಬೆವರು ಎಲ್ಲರದೂ ಒಂದೇ ಪ್ರಮಾಣದಲ್ಲಿರದು, ಒಂದೇ ಹುಳಿಯೂ ಆಗಿರದು. ನಾಜೂಕಾದ ಲೋಹದ ಕೆಲಸ ನಡೆಯುವ ಕಾರ್ಖಾನೆಗಳಲ್ಲಿ ಕೆಲವರು ಮುಟ್ಟಿದ ಉಕ್ಕಿಗೆ ಬೇಗ ತುಕ್ಕು ಹಿಡಿಯುವುದನ್ನು ಬಹುಕಾಲದಿಂದ ಬಲ್ಲರು. ಅಂಥವರಿಗೆ ಕೈಗವಸು ಕೊಡುತ್ತಾರೆ, ಕೈಗೆ ದೋಷ ಹೊರಿಸುವುದಿಲ್ಲ. ಅದು ದೇಹಪ್ರಕೃತಿ, ಗ್ರಹಚಾರವಲ್ಲ. ಬೆಳ್ಳಿ ಕಪ್ಪಾಗುವುದೂ ಗಂಧಕದ ಅಂಶ ತಾಗಿದ್ದರಿಂದಲೇ ಹೊರತು ಸೊಸೆಯ ಉಷ್ಣದಿಂದಲ್ಲ.

ಈಗ ಪರಿಹಾರದ ಮಾತು. ಮೊದಲು ಕಲೆಯ ಜಾತಿಯನ್ನು ತಿಳಿಯಬೇಕು. ಯಂತ್ರವನ್ನು ಆರಿಸಿ, ಚಾರ್ಜರನ್ನು ಕಳಚಿ, ಹಳೆಯ ಪಂಚೆಯ ಮೆತ್ತನೆಯ ತುಂಡನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿರಿ. ಜಿಡ್ಡಿದ್ದರೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಒಂದು ಹನಿ ಸಾಕು. ಬಳಿಕ ಬರಿಯ ನೀರಿನ ಬಟ್ಟೆ, ಕಡೆಗೆ ಒಣಬಟ್ಟೆ. ಯಾವ ದ್ರವವನ್ನೂ ನೇರವಾಗಿ ಯಂತ್ರದ ಮೇಲೆ ಸಿಂಪಡಿಸಕೂಡದು. ಇಷ್ಟರಿಂದ ಹೋದರೆ ಅದು ಬರಿಯ ಕೊಳೆ. ಹೋಗದೆ, ಉಗುರು ಆಡಿಸಿದಾಗ ತರಿತರಿಯಾಗಿ ತೋರಿದರೆ ಲೋಹವೇ ತಿಂದುಹೋಗಿದೆಯೆಂದು ತಿಳಿಯಿರಿ. ಅದನ್ನು ಉಜ್ಜುಕಾಗದದಿಂದಲೋ ಹಲ್ಲುಪುಡಿಯಿಂದಲೋ ತಿಕ್ಕಿದರೆ ಉಳಿದ ಪೊರೆಯೂ ಹೋಗಿ ಕೊರೆತ ಹಬ್ಬುತ್ತದೆ. ಮೈಯನ್ನು ಒರೆಸಿ ಪೂರ್ತಿ ಒಣಗಿಸಿ, ಮೊಬೈಲು ಅಂಗಡಿಗಳಲ್ಲಿ ಸಿಗುವ ಪಾರದರ್ಶಕ ಹಾಳೆಯನ್ನು ಆ ಭಾಗಕ್ಕೆ ಅಂಟಿಸುವುದೇ ಸುಲಭದ ಉಪಾಯ. ಇಡೀ ಮೇಲ್ಕವಚವನ್ನು ಬದಲಿಸಲೂಬಹುದು. ಆದರೆ ಹಲವು ಯಂತ್ರಗಳಲ್ಲಿ ಕೀಲಿಮಣೆಯೂ ಅದಕ್ಕೆ ಸೇರಿಕೊಂಡಿರುವುದರಿಂದ ಖರ್ಚು ಅಧಿಕ. ಅಂದಕ್ಕಷ್ಟೇ ಕುಂದು ಬಂದಿದ್ದರೆ ಆ ಖರ್ಚು ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯ.

ಕಲೆ ಬಾರದಂತೆ ನೋಡಿಕೊಳ್ಳುವವರು ಕೆಲಸಕ್ಕೆ ಕೂರುವ ಮುನ್ನ ಕೈತೊಳೆದು ಒರೆಸಿಕೊಳ್ಳಲಿ. ಕೆಲಸ ಮುಗಿದೊಡನೆ ಅಂಗೈಯ ಜಾಗವನ್ನು ಒರೆಸಿ, ತೇವ ಆರಿದ ಮೇಲೆ ಮುಚ್ಚಳ ಹಾಕಲಿ. ಬಳೆ, ಕಡಗಗಳ ತಿಕ್ಕಾಟದಿಂದಲೂ ಪೊರೆ ಸವೆಯುತ್ತದೆ. ತಾಮ್ರದ ಬಳೆ, ಉಂಗುರಗಳನ್ನಂತೂ ತೆಗೆದಿರಿಸುವುದು ಲೇಸು. ಬೆವರಿನಲ್ಲಿ ಕರಗಿದ ತಾಮ್ರವು ಅಲ್ಯುಮಿನಿಯಂಗೆ ತಾಗಿದರೆ ಕೊರೆತ ಚುರುಕಾಗುತ್ತದೆ.

ಎರಡು ಸಂಗತಿಗಳನ್ನು ಮಾತ್ರ ಅಂದದ ಪ್ರಶ್ನೆಯೆಂದು ಉಪೇಕ್ಷಿಸಬಾರದು. ಅಂಗೈ ಊರುವ ಭಾಗದ ಕೆಳಗೇ ಬಹುತೇಕ ಬ್ಯಾಟರಿಯಿರುತ್ತದೆ. ಆ ಜಾಗ ಉಬ್ಬಿಕೊಂಡರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಚಾರ್ಜು ಮಾಡುವುದನ್ನು ತತ್‌ಕ್ಷಣ ನಿಲ್ಲಿಸಿ ಬಲ್ಲವರಲ್ಲಿಗೆ ಒಯ್ಯಿರಿ. ಉಬ್ಬಿದ್ದನ್ನು ಒತ್ತಿ ಸರಿಮಾಡಲು ಹೋಗಬೇಡಿರಿ, ಬೆಂಕಿಯ ಭಯವುಂಟು. ಚಾರ್ಜರು ಸಿಕ್ಕಿಸಿದಾಗ ಲೋಹದ ಮೈ ಮುಟ್ಟಿದರೆ ಕೈ ಜುಮುಜುಮು ಎನ್ನುವುದಾದರೆ ಮನೆಯ ಪ್ಲಗ್ಗಿಗೆ ಭೂಸಂಪರ್ಕ ಸರಿಯಾಗಿದೆಯೇ ಎಂದು ವಿದ್ಯುತ್ ಕೆಲಸದವರಿಂದ ನೋಡಿಸಿರಿ.

ನಮ್ಮ ಸೋದರಿಯ ಯಂತ್ರದಲ್ಲಿ ಇವೆರಡೂ ಇರಲಿಲ್ಲ. ಒರೆಸಿ, ಒಣಗಿಸಿ, ಹಾಳೆ ಅಂಟಿಸಿ ಕೊಟ್ಟದ್ದಾಯಿತು. ಸಂಭಾವನೆಯಲ್ಲಿ ಮುರಿದುಕೊಳ್ಳುವ ಮಾತನ್ನು ಅವರು ಮತ್ತೊಮ್ಮೆ ಎತ್ತಿದಾಗ, ಹಾಗಾದರೆ ಬಲಮೂಲೆಯನ್ನು ಬೂದಿಯಿಂದ ತಿಕ್ಕಿ ಕೆಡಿಸಿದ್ದಕ್ಕೆ ನಾವು ಅವರಿಗೆ ದಂಡ ತೆರಬೇಕಾಗುತ್ತದೆಂದೆವು. ಆಗ ನಕ್ಕರು.

ಗಡಿಯ ಈಚೆಗಿನ ಎಷ್ಟೋ ಮನೆಗಳಲ್ಲಿ ಈಗ ಹೆಣ್ಣುಮಕ್ಕಳು, ಸೊಸೆಯಂದಿರು ಜಗಲಿಯ ಮೂಲೆಯಲ್ಲಿ ಕುಳಿತು ಇಂಥ ಯಂತ್ರಗಳಲ್ಲಿಯೇ ದುಡಿಯುತ್ತಿದ್ದಾರೆ. ಅಂಗೈ ಊರಿದಲ್ಲಿ ಕಲೆ ಕಂಡರೆ ‘ಇದೇನು ಕೈಯೋ’ ಎನ್ನುವ ಮುನ್ನ ಹಿರಿಯರು ಒಂದು ಕ್ಷಣ ತಡೆಯಲಿ. ನಾಲ್ಕು ವರ್ಷಗಳಲ್ಲಿ ನೀವು ಓದಿದ ಈ ಪತ್ರಿಕೆಯ ಪುಟಗಳಷ್ಟೂ ಆ ಎರಡು ಕಲೆಗಳ ಮೇಲೆ ಕೈಯೂರಿಯೇ ಸಿದ್ಧವಾದವು. ಈ ಪುಟವೂ ಹಾಗೆಯೇ.