ತಾಯಿಹುಳುವನ್ನು ಕೊಲ್ಲುವ ಮಾತ್ರೆ ಬೇಕು

ಆನೆಕಾಲು ರೋಗದ ಮಾತ್ರೆ ಹಿಡಿದು ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬರುವ ಕಲಬುರಗಿ, ಯಾದಗಿರಿ, ಬೀದರ್, ಬಾಗಲಕೋಟೆ ಸೀಮೆಯ ಓದುಗರಿಗೆ ಈ ಮನವಿ. ಆ ಮಾತ್ರೆಯನ್ನು ಒಮ್ಮೆಯೂ ಕಣ್ಣಾರೆ ಕಾಣದ ಬೆಂಗಳೂರು, ಮೈಸೂರಿನವರಿಗೂ, ರಸಾಯನಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳಿಗೂ, ಔಷಧ ಕಂಪನಿ ನಡೆಸುವವರಿಗೂ ಇದೇ ಮನವಿ. ಒಬ್ಬೊಬ್ಬರಲ್ಲಿ ಕೇಳಿಕೊಳ್ಳಬೇಕಾದದ್ದು ಬೇರೆ ಬೇರೆ ಇದೆ. ಅದಕ್ಕೆ ಮೊದಲು ಆ ಹುಳುವಿನ ವಿಚಾರ ಹೇಳಿಬಿಡುತ್ತೇನೆ.

ಅದರ ಹೆಸರು ವುಚರೇರಿಯಾ ಬ್ಯಾಂಕ್ರಾಫ್ಟಿ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಚ್ಚಿದಾಗ ಅದರ ಮರಿ ನಮ್ಮ ಮೈ ಸೇರುತ್ತದೆ, ದುಗ್ಧನಾಳಗಳಲ್ಲಿ, ಅಂದರೆ ಲಿಂಫ್ ನಾಳಗಳಲ್ಲಿ, ನೆಲೆಯೂರಿ ದೊಡ್ಡದಾಗುತ್ತದೆ. ಹೆಣ್ಣುಹುಳು ದಾರದಷ್ಟು ತೆಳ್ಳಗೆ, ಸುಮಾರು ಎಂಟು ಹತ್ತು ಸೆಂಟಿಮೀಟರ್ ಉದ್ದ. ಆರರಿಂದ ಎಂಟು ವರ್ಷ ಬದುಕುತ್ತದೆ. ಬದುಕಿರುವಷ್ಟು ಕಾಲ ಕಣ್ಣಿಗೆ ಕಾಣದ ಮರಿಗಳನ್ನು ಲಕ್ಷಗಟ್ಟಲೆ ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಈ ಮರಿಗಳು ಹಗಲೆಲ್ಲ ಒಳಗೆ ಅಡಗಿದ್ದು, ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ರಾತ್ರಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಆರೋಗ್ಯ ಸಿಬ್ಬಂದಿ ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಊರೊಳಗೆ ಬಂದು, ಮಲಗಿದವರನ್ನು ಎಬ್ಬಿಸಿ ಬೆರಳು ಚುಚ್ಚಿ ರಕ್ತ ತೆಗೆಯುವುದು ಇದಕ್ಕೇ. ದಯವಿಟ್ಟು ಅವರ ಮೇಲೆ ರೇಗಬೇಡಿ.

ಹುಳು ಸಾಮಾನ್ಯವಾಗಿ ಬಾಲ್ಯದಲ್ಲೇ ಹೊಕ್ಕಿರುತ್ತದೆ. ಕಾಲು ಊದುವುದು ಎಷ್ಟೋ ವರ್ಷಗಳ ನಂತರ. ಅಷ್ಟರಲ್ಲಿ ದುಗ್ಧನಾಳಗಳು ಹಾಳಾಗಿರುತ್ತವೆ. ದಪ್ಪಗಾದ ಚರ್ಮದ ಮಡಿಕೆಗಳಲ್ಲಿ, ಬೆರಳುಗಳ ಸಂದಿನಲ್ಲಿ ಸಣ್ಣ ಬಿರುಕು ಬಿಟ್ಟರೂ ಸಾಕು, ಅಲ್ಲಿಂದ ಸೋಂಕು ಒಳಹೊಕ್ಕು ಚಳಿಜ್ವರ ಬಂದು ಆಳು ನಾಲ್ಕಾರು ದಿನ ಹಾಸಿಗೆ ಹಿಡಿಯುತ್ತಾರೆ. ಕೂಲಿ ಹೋಗುತ್ತದೆ. ಗಂಡಸರಲ್ಲಿ ವೃಷಣದ ಊತ, ಅದನ್ನು ಯಾರಿಗೂ ಹೇಳಿಕೊಳ್ಳಲಾಗದ ಸಂಕಟ. ಹೆಣ್ಣುಮಕ್ಕಳಾದರೆ ಸೀರೆಯ ನೆರಿಗೆಯಲ್ಲಿ ಕಾಲು ಮರೆಮಾಡಿಕೊಂಡೇ ಬದುಕು ಕಳೆಯುತ್ತಾರೆ, ಮದುವೆಯ ಮಾತು ಮುರಿದುಬೀಳುತ್ತದೆ. ಜಗತ್ತಿನಲ್ಲಿ ಈ ರೋಗದ ಹೊರೆಯ ಸುಮಾರು ಶೇ. 40ರಷ್ಟು ಹೊತ್ತಿರುವುದು ನಮ್ಮ ದೇಶವೇ.

ಇನ್ನು ಔಷಧ. ನಮ್ಮಲ್ಲಿ ಇಂದಿಗೂ ಮುಖ್ಯವಾಗಿ ಕೊಡುವುದು ಡಿಇಸಿ, ಅಂದರೆ ಡೈಈಥೈಲ್‌ಕಾರ್ಬಮಜೀನ್. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ನೇತೃತ್ವ ವಹಿಸಿದ್ದಾಗ, 1947ರಲ್ಲಿ, ಅವರ ತಂಡ ಇದನ್ನು ಬೆಳಕಿಗೆ ತಂದಿತು. ಮರುವರ್ಷವೇ ಅವರು ತೀರಿಕೊಂಡರು. ತಮ್ಮ ನಾಡಿನ ಕೋಟ್ಯಂತರ ಜನ ವರ್ಷ ವರ್ಷ ತಮ್ಮ ತಂಡದ ಮಾತ್ರೆ ನುಂಗುವುದನ್ನು ನೋಡಲು ಅವರು ಉಳಿಯಲಿಲ್ಲ. ಅವರಿಗೆ ನಾವು ತೋರಬೇಕಾದ ಗೌರವ ಇನ್ನೂ ಬಾಕಿ ಇದೆ.

ಆದರೆ ಈ ಮಾತ್ರೆಗೆ ಒಂದು ಮಿತಿಯಿದೆ. ಅದು ರಕ್ತದಲ್ಲಿನ ಮರಿಗಳನ್ನು ಚೆನ್ನಾಗಿ ಕೊಲ್ಲುತ್ತದೆ. ದುಗ್ಧನಾಳದಲ್ಲಿ ಕುಳಿತ ತಾಯಿಹುಳುಗಳನ್ನೆಲ್ಲ ಕೊಲ್ಲಲಾರದು. ಜೊತೆಗೆ ಕೊಡುವ ಆಲ್ಬೆಂಡಜೋಲ್ ಕೂಡ ಅಷ್ಟೇ. ಕಳೆಯ ತುದಿ ಕೊಯ್ದು ಬೇರನ್ನು ಮಣ್ಣಲ್ಲೇ ಬಿಟ್ಟ ಹಾಗೆ. ಕೆಲವು ತಿಂಗಳಲ್ಲಿ ಉಳಿದ ಹುಳು ಮತ್ತೆ ಮರಿ ಹಾಕುತ್ತದೆ, ಸೊಳ್ಳೆ ಮತ್ತೆ ಹೊತ್ತೊಯ್ಯುತ್ತದೆ. ಆದ್ದರಿಂದಲೇ ಇಡೀ ಊರು ವರ್ಷಕ್ಕೊಮ್ಮೆ, ತಾಯಿಹುಳುವಿನ ಆಯಸ್ಸು ಮುಗಿಯುವವರೆಗೂ ಮಾತ್ರೆ ನುಂಗಬೇಕು. "ನನಗೇನೂ ಆಗಿಲ್ಲವಲ್ಲ, ನಾನೇಕೆ ನುಂಗಲಿ?" ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ಉತ್ತರ ಇಷ್ಟೇ: ಏನೂ ಆಗದವರ ರಕ್ತದಲ್ಲೂ ಮರಿಗಳಿರಬಹುದು, ಅವು ಪಕ್ಕದ ಮನೆಯ ಮಗುವಿಗೆ ಹೋಗುತ್ತವೆ.

ಹೊಸ ದಾರಿ ತೆರೆದದ್ದು ಹಳೆಯ ಔಷಧಗಳನ್ನೇ ಬೇರೆ ರೀತಿ ಸೇರಿಸಿದಾಗ. ಜಪಾನಿನ ಸತೋಶಿ ಒಮುರಾ ಮಣ್ಣಿನಿಂದ ಬೇರ್ಪಡಿಸಿದ ಸೂಕ್ಷ್ಮಜೀವಿಯಿಂದ ಬಂದ ಐವರ್‌ಮೆಕ್ಟಿನ್, 2015ರಲ್ಲಿ ಅವರಿಗೂ ವಿಲಿಯಂ ಕ್ಯಾಂಬೆಲ್‌ಗೂ ನೊಬೆಲ್ ತಂದುಕೊಟ್ಟಿತು. ಇದನ್ನು ಡಿಇಸಿ ಮತ್ತು ಆಲ್ಬೆಂಡಜೋಲ್ ಜೊತೆ ಒಂದೇ ಬಾರಿ ಕೊಟ್ಟು ಪಪುವಾ ನ್ಯೂಗಿನಿಯಲ್ಲಿ ನೋಡಿದಾಗ, ಶೇ. 96 ಮಂದಿಯ ರಕ್ತದಲ್ಲಿ ಮೂರು ವರ್ಷ ಕಳೆದರೂ ಮರಿಗಳಿರಲಿಲ್ಲ. ಮೂರೂ ಒಟ್ಟಿಗೆ ಸುರಕ್ಷಿತವೇ ಎಂದು ಐದು ದೇಶಗಳಲ್ಲಿ 26 ಸಾವಿರಕ್ಕೂ ಹೆಚ್ಚು ಜನರಲ್ಲಿ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದು ನಡೆದದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿ. ಬಡ ಜಿಲ್ಲೆ ಎಂದು ನಾವು ಸದಾ ಕನಿಕರದಿಂದ ಹೆಸರಿಸುವ ಯಾದಗಿರಿಯ ಹಳ್ಳಿಗರು ಮುಂದೆ ಬಂದು ಔಷಧ ನುಂಗಿ, ಆ ತಿಳಿವಳಿಕೆಯನ್ನು ಜಗತ್ತಿಗೆ ಕೊಟ್ಟರು. ಕನ್ನಡಿಗರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಮೂರು ಮಾತ್ರೆಯ ಈ ಕ್ರಮವೂ ಬಹುಪಾಲು ತಾಯಿಹುಳುಗಳನ್ನು ಬಂಜೆ ಮಾಡುತ್ತದೆಯೇ ಹೊರತು ಎಲ್ಲವನ್ನೂ ಕೊಲ್ಲುವುದಿಲ್ಲ. ಇನ್ನೊಂದು ಆತಂಕವೂ ಇದೆ. ಹಲವು ದೇಶಗಳಲ್ಲಿ ಕುರಿ, ಮೇಕೆಗಳ ಹೊಟ್ಟೆಯ ಹುಳುಗಳು ಐವರ್‌ಮೆಕ್ಟಿನ್‌ಗೆ ಜಗ್ಗದಂತಾಗಿವೆ. ಮನುಷ್ಯನ ಹುಳುಗಳೂ ಹಾಗಾದರೆ ನಮ್ಮ ಕೈಯಲ್ಲಿ ಬೇರೆ ಏನಿದೆ? ಹೊಸ ಅಣುಗಳೇ ಬೇಕು.

ಹೊಸ ಅಣು ಕಟ್ಟುವುದು ಇಲ್ಲಿ ಯಾಕಿಷ್ಟು ಕಷ್ಟ ಎಂದರೆ, ಈ ಹುಳು ಬ್ಯಾಕ್ಟೀರಿಯಾ ಅಲ್ಲ, ನಮ್ಮಂತೆಯೇ ಒಂದು ಪ್ರಾಣಿ. ಅದರ ಸ್ನಾಯು, ನರ, ಜೀವಕೋಶಗಳು ನಮ್ಮವನ್ನು ಎಷ್ಟೋ ಮಟ್ಟಿಗೆ ಹೋಲುತ್ತವೆ. ಅದಕ್ಕೆ ವಿಷವಾದದ್ದು ನಮಗೂ ವಿಷವಾದೀತು. ಈ ಹುಳುವನ್ನು ಸಾಮಾನ್ಯ ಪ್ರಯೋಗಾಲಯದ ಇಲಿಗಳಲ್ಲಿ ಸಾಕಲೂ ಆಗದು. ಅದರ ಸಂಬಂಧಿ ಬ್ರೂಗಿಯಾ ಮಲಾಯಿಯನ್ನು ಜರ್ಡ್ ಎಂಬ ಮರುಭೂಮಿಯ ದಂಶಕದಲ್ಲಿ ಬೆಳೆಸಿ ಪರೀಕ್ಷಿಸಬೇಕು.

ಆದರೂ ಹುಳುವಿನ ಒಂದು ಗುಟ್ಟು ಸಿಕ್ಕಿದೆ. ಅದರ ಮೈಯೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ಆ ಬ್ಯಾಕ್ಟೀರಿಯಾ ಇಲ್ಲದೆ ಹುಳು ಮರಿ ಹಾಕಲಾರದು, ಹೆಚ್ಚು ಕಾಲ ಬದುಕಲೂ ಆರದು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಡಾಕ್ಸಿಸೈಕ್ಲಿನ್ ಕೊಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಂದೆಯೇ ತಾಯಿಹುಳು ನಿಧಾನವಾಗಿ ಸಾಯುತ್ತದೆ. ತಾಂಜಾನಿಯಾದಲ್ಲಿ ನಡೆದ ಅಧ್ಯಯನವೊಂದು 2005ರಲ್ಲೇ ಇದನ್ನು ತೋರಿಸಿತು. ಅಡಚಣೆ ಏನೆಂದರೆ, ದಿನಾ ತಪ್ಪದೆ ನಾಲ್ಕರಿಂದ ಎಂಟು ವಾರ ನುಂಗಬೇಕು. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಕೊಡುವಂತಿಲ್ಲ. ಊರಿಗೆ ಊರೇ ನುಂಗಿಸುವ ಔಷಧ ಇದಲ್ಲ.

ಇಂಗ್ಲೆಂಡಿನ ಲಿವರ್‌ಪೂಲ್ ಉಷ್ಣವಲಯ ವೈದ್ಯಶಾಲೆಯ ವಿಜ್ಞಾನಿಗಳು ಹುಡುಕುತ್ತಿರುವುದು ಇದೇ ಕೆಲಸವನ್ನು ಒಂದು ವಾರದೊಳಗೆ ಮಾಡಿ ಮುಗಿಸುವ ಅಣುವನ್ನು. ಅವರು ಆಸ್ಟ್ರಾಝೆನೆಕಾ ಕಂಪನಿಯ ಸಂಗ್ರಹದಲ್ಲಿದ್ದ 13 ಲಕ್ಷ ಸಂಯುಕ್ತಗಳನ್ನು ಯಂತ್ರಗಳ ನೆರವಿನಿಂದ ವೊಲ್ಬಾಕಿಯಾ ಮೇಲೆ ಪರೀಕ್ಷಿಸಿದರು. 20 ಸಾವಿರಕ್ಕೂ ಹೆಚ್ಚು ಸಂಯುಕ್ತಗಳು ಬ್ಯಾಕ್ಟೀರಿಯಾವನ್ನು ತಗ್ಗಿಸಿದವು. ಸೋಸುತ್ತ ಸೋಸುತ್ತ ಕೊನೆಗೆ ಕೈಗೆ ಬಂದದ್ದು, ಇರುವ ಔಷಧಗಳಿಗಿಂತ ಬೇಗ ಕೊಲ್ಲುವ ಐದು ಬಗೆಯ ರಚನೆಗಳು. ಇನ್ನೊಂದು ಪ್ರಯತ್ನ ಟೈಲೋಸಿನ್‌ನದು. ಅದು ದನ, ಹಂದಿ, ಕೋಳಿಗಳಿಗೆ ಕೊಡುವ ಆ್ಯಂಟಿಬಯೋಟಿಕ್. ವೊಲ್ಬಾಕಿಯಾವನ್ನು ಕೊಲ್ಲುವ ಗುಣ ಅದಕ್ಕಿದೆ, ಆದರೆ ಬಾಯಿಂದ ಕೊಟ್ಟರೆ ಮೈಗೆ ಸರಿಯಾಗಿ ಹತ್ತದು. ರಸಾಯನತಜ್ಞರು ಅದರ ಸಕ್ಕರೆಯ ತುದಿಯೊಂದಕ್ಕೆ ಫ್ಲೋರಿನ್ ಇರುವ ಚಿಕ್ಕ ಉಂಗುರವೊಂದನ್ನು ಜೋಡಿಸಿದರು. ಅಣುವಿನ ಉಳಿದ ಭಾಗ ಹಾಗೆಯೇ ಇತ್ತು. ಅಷ್ಟರಿಂದಲೇ ಅದು ಬಾಯಿಂದ ಕೊಟ್ಟರೂ ರಕ್ತ ಸೇರುವಂತಾಯಿತು, ಅದರ ಶಕ್ತಿಯೂ ಹೆಚ್ಚಿತು. ಔಷಧದ ವಿನ್ಯಾಸ ಎಂದರೆ ಇಂಥ ಕೆಲಸ: ಒಂದು ಗುಂಪು ಸೇರಿಸಿ ನೋಡುವುದು, ಒಂದು ತೆಗೆದು ನೋಡುವುದು, ನೀರಲ್ಲಿ ಕರಗೀತೇ, ಯಕೃತ್ತಿನಲ್ಲಿ ಬೇಗ ಕೆಟ್ಟುಹೋದೀತೇ, ಹೃದಯಕ್ಕೆ ತೊಂದರೆಯೇ ಎಂದು ಮತ್ತೆ ಮತ್ತೆ ಕೇಳುವುದು. ಬೇಸಿಗೆಯಲ್ಲಿ ಹಳ್ಳಿಯ ಉಪಕೇಂದ್ರದ ಬೀರುವಿನಲ್ಲಿ ಇಟ್ಟರೂ ಕೆಡದಂತಿರಬೇಕು, ಕಾಸಿಗೆ ಸಿಗಬೇಕು ಎಂಬುದೂ ಆ ಲೆಕ್ಕದಲ್ಲಿ ಸೇರುತ್ತದೆ.

ಈ ಕೆಲಸಕ್ಕೆ ಹಣ ಹಾಕುವವರು ಕಡಿಮೆ. 1975ರಿಂದ 1999ರವರೆಗೆ ಜಗತ್ತಿನಲ್ಲಿ 1,393 ಹೊಸ ಔಷಧಗಳು ಮಾರುಕಟ್ಟೆಗೆ ಬಂದವು. ಉಷ್ಣವಲಯದ ರೋಗಗಳಿಗೂ ಕ್ಷಯಕ್ಕೂ ಸೇರಿ ಅವುಗಳಲ್ಲಿ ಇದ್ದದ್ದು 16. ರೋಗಿ ಬಡವನಾದರೆ ಅವನ ರೋಗಕ್ಕೆ ಮಾರುಕಟ್ಟೆಯಿಲ್ಲ ಎಂಬುದೇ ಇದರ ಅರ್ಥ, ಮತ್ತು ಇದು ಅನ್ಯಾಯ. ಬೆಂಗಳೂರಿನಲ್ಲೇ ಮಲೇರಿಯಾ, ಕ್ಷಯಗಳಿಗೆ ಹೊಸ ಅಣು ಹುಡುಕುತ್ತಿದ್ದ ದೊಡ್ಡ ಕಂಪನಿಯ ಸಂಶೋಧನಾ ಕೇಂದ್ರವನ್ನು ಮುಚ್ಚುವ ನಿರ್ಧಾರ 2014ರಲ್ಲಿ ಹೊರಬಿತ್ತು. ನಗರದಲ್ಲಿ ಅದಕ್ಕಾಗಿ ಯಾರೂ ಬೀದಿಗಿಳಿದದ್ದು ನನಗೆ ನೆನಪಿಲ್ಲ.

ಜಾಣ್ಮೆಗೆ ಇಲ್ಲಿ ಕೊರತೆಯಿಲ್ಲ. ಮಲೇರಿಯಾ ಪರಾವಲಂಬಿಯ ಒಂದು ಮುಖ್ಯ ಕಿಣ್ವದ ಮೂರು ಆಯಾಮದ ರಚನೆಯನ್ನು 1997ರಲ್ಲಿ ಬಿಡಿಸಿ ತೋರಿಸಿದವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು. ಸಾಬೂನು, ಟೂತ್‌ಪೇಸ್ಟ್‌ಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಆ ಪರಾವಲಂಬಿಯ ಕೊಬ್ಬಿನಾಮ್ಲ ತಯಾರಿಕೆಗೆ ತಡೆಯೊಡ್ಡುತ್ತದೆ ಎಂದು 2001ರಲ್ಲಿ ಕಂಡುಹಿಡಿದವರು ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ. ಇಂಥ ಅರಿವು ಪ್ರಯೋಗಾಲಯದಿಂದ ಮಾತ್ರೆಯವರೆಗೆ ಹೋಗಬೇಕಾದರೆ ಹತ್ತಾರು ವರ್ಷ ಕೈಬಿಡದೆ ಹಣ ಕೊಡುವವರು ಬೇಕು. ಅಂಥವರು ಸಿಗದೆ ಎಷ್ಟೋ ಒಳ್ಳೆಯ ಅಣುಗಳು ಪ್ರಬಂಧದ ಪುಟದಲ್ಲೇ ಉಳಿದುಬಿಡುತ್ತವೆ.

ಹಾಗಾಗಿ, ರಸಾಯನಶಾಸ್ತ್ರದ ವಿದ್ಯಾರ್ಥಿಗಳೇ, ಪಿಎಚ್‌ಡಿಗೆ ವಿಷಯ ಆರಿಸುವಾಗ ಈ ಹುಳುವನ್ನು ಒಮ್ಮೆ ನೆನೆಯಿರಿ. ಬ್ರೂಗಿಯಾದ ಜೀನೋಮ್ 2007ರಿಂದ ಎಲ್ಲರಿಗೂ ತೆರೆದಿದೆ; ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಕುಳಿತೂ ಅದನ್ನು ಓದಬಹುದು. ಔಷಧ ಕಂಪನಿಗಳವರೇ, ನಿಮ್ಮ ಕಪಾಟುಗಳಲ್ಲಿ ಉಪಯೋಗವಿಲ್ಲವೆಂದು ಇಟ್ಟ ಸಾವಿರಾರು ಸಂಯುಕ್ತಗಳಿವೆ. ಗ್ಲಾಕ್ಸೋ ಸ್ಮಿತ್‌ಕ್ಲೈನ್ ಕಂಪನಿ 2010ರಲ್ಲಿ ಮಲೇರಿಯಾ ಪರಾವಲಂಬಿಯನ್ನು ತಡೆಯುವ 13 ಸಾವಿರಕ್ಕೂ ಹೆಚ್ಚು ಸಂಯುಕ್ತಗಳ ವಿವರವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನೀವೂ ನಿಮ್ಮ ಸಂಗ್ರಹವನ್ನು ಈ ರೋಗಗಳ ಸಂಶೋಧಕರಿಗೆ ತೆರೆಯಿರಿ.

ನಗರದ ಓದುಗರೇ, ನಿಮ್ಮ ಶಾಸಕರನ್ನೂ ಸಂಸದರನ್ನೂ ಕೇಳಿ: ಆನೆಕಾಲು ರೋಗದ ಹೊಸ ಔಷಧಕ್ಕೆ ಸರ್ಕಾರ ಎಷ್ಟು ಹಣ ಕೊಟ್ಟಿದೆ? ಸಾರ್ವಜನಿಕ ಹಣದಲ್ಲಿ ಸಿದ್ಧವಾದ ಅಣು ಬಡವರ ಕೈಗೆಟಕುವ ಬೆಲೆಯಲ್ಲಿ ಸಿಗುವ ಷರತ್ತು ಇದೆಯೇ? 2027ರೊಳಗೆ ಈ ರೋಗವನ್ನು ತೊಲಗಿಸುತ್ತೇವೆಂದು ದೇಶ ಮಾತು ಕೊಟ್ಟಿದೆ. ಮಾತು ಕೊಟ್ಟವರನ್ನು ಕೇಳುವ ಹಕ್ಕು ನಮಗಿದೆ.

ಮನೆಯಲ್ಲಿ ಕಾಲು ಊದಿದವರಿದ್ದರೆ ಅವರನ್ನು ಒಳಕೋಣೆಯಲ್ಲಿ ಕೂರಿಸಬೇಡಿ. ದಿನಾ ಸಾಬೂನು ಹಚ್ಚಿ ಕಾಲು ತೊಳೆಯಿರಿ, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ಮಲಗುವಾಗ ಕಾಲು ಎತ್ತರದಲ್ಲಿರಲಿ. ಜ್ವರದ ಕಾಟ ಎಷ್ಟೋ ಕಡಿಮೆಯಾಗುತ್ತದೆ. ವೃಷಣದ ಊತಕ್ಕೆ ಶಸ್ತ್ರಚಿಕಿತ್ಸೆಯಿದೆ, ನಾಚಿಕೆ ಬಿಟ್ಟು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಇನ್ನು ಮಾತ್ರೆ. ಮುಂದಿನ ಸುತ್ತಿನಲ್ಲಿ ಆಶಾ ಕಾರ್ಯಕರ್ತೆ ಬಂದಾಗ ಊಟ ಮಾಡಿ ಸಿದ್ಧರಾಗಿರಿ. ಅವರು ಎತ್ತರದ ಕೋಲು ಇಟ್ಟು ಅಳೆದರೆ ನಿಂತು ಅಳೆಸಿಕೊಳ್ಳಿ. ಐವರ್‌ಮೆಕ್ಟಿನ್ ಎಷ್ಟು ಕೊಡಬೇಕೆಂಬುದು ಆ ಕೋಲಿನಿಂದ ತಿಳಿಯುತ್ತದೆ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ತೆಗೆದುಕೊಳ್ಳುವಂತಿಲ್ಲ, ಮನೆಯಲ್ಲಿ ಅಂಥವರಿದ್ದರೆ ಕಾರ್ಯಕರ್ತೆಗೆ ತಿಳಿಸಿ. ಉಳಿದವರೆಲ್ಲ ಅವರ ಎದುರಿಗೇ ನುಂಗಿ. ಆಮೇಲೆ ಜ್ವರವೋ ತಲೆನೋವೋ ಬಂದರೆ ಹೆಚ್ಚಾಗಿ ಅದು ರಕ್ತದಲ್ಲಿನ ಮರಿಗಳು ಸಾಯುತ್ತಿರುವ ಗುರುತು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹೆಚ್ಚಾದರೆ ಅವರಿಗೇ ಹೇಳಿಕಳಿಸಿ. ತಾಯಿಹುಳುವನ್ನು ಕೊಲ್ಲುವ ಮಾತ್ರೆ ಬರುವವರೆಗೆ ನಮ್ಮ ಕೈಯಲ್ಲಿರುವುದು ಇದೊಂದೇ. ಪಡೆದು ಜೇಬಿಗೆ ಹಾಕಿಕೊಳ್ಳಬೇಡಿ, ನುಂಗಿ.