ಹಿಂಸೆ ಚಾಟಿಯಲ್ಲಷ್ಟೇ ಇಲ್ಲ

ಡೊಂಬಿವಲಿಯ ನಮ್ಮ ಗೆಳೆಯರ ಕೂಟದಲ್ಲಿ ಮಾತು ಸಾಹಿತ್ಯದಿಂದ ಊರ ಜಾತ್ರೆಗೆ ಹೊರಳುವುದು ಹೊಸತೇನಲ್ಲ. ಬೆಳಗಾವಿ ಸೀಮೆಯ ಕುದುರೆಗಾಡಿ ಶರ್ಯತ್ತಿನ ಪ್ರಸ್ತಾಪ ಬಂದಾಗ ಹಿರಿಯರೊಬ್ಬರು, "ಚಾಟಿ ಬೀಸದಿದ್ದರೆ ಹಿಂಸೆಯೆಲ್ಲಿ? ಓಡುವುದು ಕುದುರೆಯ ಹುಟ್ಟುಗುಣ" ಎಂದರು. ಅವರ ಊರಭಿಮಾನವನ್ನು ಗೌರವಿಸುತ್ತೇನೆ, ವಾದವನ್ನು ಒಪ್ಪಲಾರೆ.

ಓಡುವುದು ಹುಟ್ಟುಗುಣವಿರಬಹುದು. ಗಾಡಿ ಎಳೆಯುತ್ತ, ಡಾಂಬರಿನ ಮೇಲೆ, ದಣಿದ ಮೇಲೂ ಓಡುವುದು ಹುಟ್ಟುಗುಣವಲ್ಲ; ಅದಕ್ಕೆ ದೇಹವನ್ನು ಅಣಿಗೊಳಿಸಬೇಕು. ನಾವು ಮೋಸ ಹೋಗುವುದು ಇಲ್ಲಿಯೇ. ಕೆಲವೇ ವಾರಗಳ ತಾಲೀಮಿಗೆ ಕುದುರೆಯ ಹೃದಯವೂ ಮಾಂಸಖಂಡಗಳೂ ಪಳಗುತ್ತವೆ. ಎಲುಬಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳೇ ಬೇಕು. ಮುಂಗಾಲಿನ ಮಂಡಿಯ ಕೆಳಗೆ ಮಾಂಸಖಂಡವೇ ಇಲ್ಲ. ರಕ್ತಸಂಚಾರ ಕಡಿಮೆಯಿರುವ ರಜ್ಜುಗಳೇ ಅಲ್ಲಿ ಓಟದ ಪೆಟ್ಟನ್ನು ತಾಳಬೇಕು. ಉಸಿರು ಪಳಗಿದ ಕುದುರೆ ನೋಡುವವರಿಗೆ ಸಿದ್ಧವಾಗಿಯೇ ಕಾಣುತ್ತದೆ. ಕಾಲು ಮಾತ್ರ ಸಿದ್ಧವಾಗಿರುವುದಿಲ್ಲ.

ಸರಿಯಾದ ಕ್ರಮ ಗುಟ್ಟೇನಲ್ಲ. ಮೊದಲು ವಾರಗಟ್ಟಲೆ ನಡಿಗೆ, ಬಳಿಕ ಕುಕ್ಕುಲೋಟ, ಕೊನೆಗೆ ವೇಗ. ದೂರವನ್ನೂ ವೇಗವನ್ನೂ ಒಟ್ಟಿಗೇ ಏರಿಸಬಾರದು. ಬಿರುಸಿನ ತಾಲೀಮಿನ ಮರುದಿನ ಬಿಡುವು ಕೊಡಬೇಕು. ದಿನವೂ ಕಾಲು ಸವರಿ ಬಿಸಿಯೋ ಊತವೋ ಇದೆಯೇ ಎಂದು ನೋಡಬೇಕು.

ಸೆಕೆಯ ಮಾತನ್ನು ಠಾಣೆ, ಕಲ್ಯಾಣದವರಿಗೆ ಹೇಳಬೇಕಿಲ್ಲ. ಆರ್ದ್ರ ಹವೆಯಲ್ಲಿ ಬೆವರು ಆರದೆ ಕುದುರೆಯ ಮೈ ತಣಿಯುವುದಿಲ್ಲ. ಬೆವರಿನೊಡನೆ ಲವಣವೂ ಹರಿದುಹೋಗುತ್ತದೆ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಕುದುರೆಗಳಿಗಾಗಿ ತುಂತುರು ಸಿಂಪಡಿಸುವ ಫ್ಯಾನುಗಳನ್ನು ಇಟ್ಟಿದ್ದರು. ಘಟ್ಟದ ಮೇಲಿನ ಕುದುರೆಯನ್ನು ಕರಾವಳಿಗೆ ಇಳಿಸಿದರೆ ಹವೆಗೆ ಒಗ್ಗಲು ಎರಡು ಮೂರು ವಾರವಾದರೂ ಬೇಕು.

ನ್ಯಾಯಾಲಯವೇ ಒಪ್ಪಿದೆಯಲ್ಲ ಎನ್ನುವಿರೇನೋ. 2023ರ ಮೇ 18ರಂದು ಸುಪ್ರೀಂ ಕೋರ್ಟು ಎತ್ತಿಹಿಡಿದದ್ದು ಜಲ್ಲಿಕಟ್ಟು, ಕಂಬಳ, ಎತ್ತಿನಗಾಡಿ ಓಟಗಳ ಕಾನೂನುಗಳನ್ನು. ಅದು ಕುದುರೆಗೆ ಕೊಟ್ಟ ಅನುಮತಿಯಲ್ಲ. ಅನುಮತಿಯಿದ್ದರೂ ಅದು ಕಾಲಿಗೆ ಬಲ ಕೊಡದು.

ಬಡ ಗಾಡಿಯವನಿಗೆ ಇಷ್ಟೆಲ್ಲ ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ನಡಿಗೆಗೆ ಹಣ ಬೇಡ. ಆದರೆ ತಿಂಗಳುಗಟ್ಟಲೆ ಮೇವು ಬೇಕು. ಊರ ಜಾತ್ರೆಗೆ ಮುಂಬಯಿಯಿಂದ ದೇಣಿಗೆ ಕಳಿಸಿ ಬಹುಮಾನದ ಮೊತ್ತ ಏರಿಸುವವರು ನಾವೇ ಅಲ್ಲವೆ? ಅದರಲ್ಲೊಂದು ಪಾಲು ಮೇವಿಗೆ ಹೋಗಲಿ. ಶರ್ಯತ್ತಿಗೆ ಹಣ ಕೊಡುವವರು ಷರತ್ತನ್ನೂ ಹಾಕಬಹುದು: ಓಟದ ದಿನ ನಾಲ್ಕು ತಿಂಗಳು ಮೊದಲೇ ಗೊತ್ತಾಗಲಿ, ಡಾಂಬರು ಬಿಟ್ಟು ಮಣ್ಣಿನ ಹಾದಿಯಲ್ಲಿ ಓಡಿಸಲಿ, ಪಶುವೈದ್ಯರು ಕಾಲು ಮುಟ್ಟಿ ನೋಡಿದ ಮೇಲೆಯೇ ಗಾಡಿ ಹೂಡಲಿ. ಇದಕ್ಕೊಪ್ಪದ ಶರ್ಯತ್ತಿಗೆ ನನ್ನ ಒಂದು ರೂಪಾಯಿಯೂ ಇಲ್ಲ.